ಮದುವೆ ಛತ್ರದ ಮೇಲಿನ ನರ್ಸಿಂಗ್ ಕಾಲೇಜು

ರಾಜ್ಯದ ನರ್ಸಿಂಗ್ ಕಾಲೇಜುಗಳನ್ನೆಲ್ಲ ಕೂತಲ್ಲೇ ತೋರಿಸುವ ಜಾಲತಾಣದ ಮಾನ್ಯ ವ್ಯವಸ್ಥಾಪಕರಿಗೆ, ಮಲ್ಲೇಶ್ವರಂ ಮಾರುಕಟ್ಟೆಯ ತರಕಾರಿ ವ್ಯಾಪಾರಿ ವಿನುತಾ ಮಾಡುವ ಅನಂತ ನಮಸ್ಕಾರಗಳು.

ಮಾನ್ಯರೇ, ನನ್ನ ಮಗಳು ತೇಜಸ್ವಿನಿ, ಲಕ್ವ ಹೊಡೆದು ಮಲಗಿದ್ದ ತನ್ನ ತಾತ ಸೊಣ್ಣಪ್ಪನವರನ್ನು ಕೊನೆಯವರೆಗೂ ನೋಡಿಕೊಳ್ಳುತ್ತಲೇ ಪಿಯುಸಿ ಮುಗಿಸಿದವಳು. ಬಿ.ಎಸ್ಸಿ. ನರ್ಸಿಂಗ್ ಓದುತ್ತೇನೆಂದು ಹಟ ಹಿಡಿದಳು. ಕಾಲೇಜು ಹುಡುಕಲು ತಮ್ಮ ಜಾಲತಾಣದಲ್ಲಿ ನನ್ನ ನಂಬರು ಒತ್ತಿದೆವು. ಒಂದೂ ಕಾಲೇಜು ಕಾಣಿಸುವ ಮೊದಲೇ ತಮ್ಮ ಸಲಹೆಗಾರ ಶರಣ್ ಅವರ ಫೋನು ಬಂತು. ನಮ್ಮ ನೆಂಟರೂ ಅಷ್ಟು ಬೇಗ ವಿಚಾರಿಸಿಕೊಂಡವರಲ್ಲ. ನಾನು ಹುರುಳಿಕಾಯಿ ತೂಗುತ್ತಿದ್ದೆ.

"ನರ್ಸಿಂಗ್ ಯಾಕೆ ಮೇಡಂ? ಏವಿಯೇಷನ್ ಮಾಡ್ಸಿ, ಮಗಳು ವಿಮಾನದಲ್ಲೇ ಓಡಾಡ್ತಾಳೆ" ಎಂದರು.

ತೇಜಸ್ವಿನಿ ಫೋನು ಕಿತ್ತುಕೊಂಡು, "ನಂಗೆ ನರ್ಸಿಂಗೇ ಬೇಕು ಸಾರ್" ಎಂದಳು.

ಆಗ ತಾವು ದೊಡ್ಡ ಮನಸ್ಸು ಮಾಡಿ, ಮೊದಲ ದರ್ಜೆಯದೆಂದು ನಕ್ಷತ್ರಗಳನ್ನು ಸುರಿದಿದ್ದ ಕಾಲೇಜಿಗೆ ಕಳಿಸಿದಿರಿ. ಅದು ಮದುವೆ ಛತ್ರದ ಮೇಲಿನ ಮಹಡಿ. ಕೆಳಗೆ ನಾದಸ್ವರ, ಮೇಲೆ ಬೀಗ ಹಾಕಿದ ಲ್ಯಾಬು. ಬೀಗದ ಕೈ ಇಟ್ಟುಕೊಂಡವರು ಊರಿಗೆ ಹೋಗಿದ್ದರು. ವಿದ್ಯೆಯ ಜೊತೆಗೆ ಮಂಗಳವಾದ್ಯವನ್ನೂ ಕೊಡುವ ಕಾಲೇಜು ದೇಶದಲ್ಲಿ ಬೇರೆಲ್ಲಿದೆ, ತಾವೇ ಹೇಳಿ.

"ನಾವು ಕಲಿಯೋ ಆಸ್ಪತ್ರೆ ಯಾವ್ದು ಸಾರ್?" ಎಂದು ನನ್ನ ಮಗಳು ಕೇಳಿದಳು.

"ಸದ್ಯಕ್ಕೆ ವಿಡಿಯೋ ತೋರಿಸ್ತೀವಮ್ಮ" ಎಂದರು ಅಲ್ಲಿನ ಮೇಲ್ವಿಚಾರಕರು.

"ಇಂಜೆಕ್ಷನ್ನೂ ವಿಡಿಯೋದಲ್ಲೇ ಕೊಡ್ಬೇಕಾ? ನರ್ಸಿಂಗ್ ಕೌನ್ಸಿಲ್ ಮಾನ್ಯತೆ ಇದೆಯಾ?"

"ಅದು ದಾರೀಲಿದೆ. ಮೊದ್ಲು ಒರಿಜಿನಲ್ ಮಾರ್ಕ್ಸ್ ಕಾರ್ಡ್ ಕೊಟ್ಬಿಡಿ, ಸೀಟು ಹೋಗ್ಬಿಡತ್ತೆ."

ಸೀಟು ಹೋಗುತ್ತದೆ ಎಂದ ಕೂಡಲೇ ಮಾರ್ಕ್ಸ್ ಕಾರ್ಡ್ ತೆಗೆಯಲು ಬ್ಯಾಗಿಗೆ ಕೈ ಹಾಕಿದೆ. ಮಗಳು ನನ್ನ ಕೈ ಹಿಡಿದುಕೊಂಡು, "ಕೊಡ್ಬೇಡಮ್ಮ, ಕೊಟ್ರೆ ನಾನು ಇಲ್ಲೇ ಸಿಕ್ಕಾಕೊಳ್ತೀನಿ" ಎಂದಳು. ದೊಡ್ಡವರೆದುರು ಹೀಗೆ ಮಾತಾಡುವುದೇ ಎಂದು ಮೆಟ್ಟಿಲಿಳಿಯುವವರೆಗೂ ಅವಳನ್ನು ಬೈದೆ. ಮನೆಗೆ ಬಂದು ಕೌನ್ಸಿಲ್ ಪಟ್ಟಿ ತೆಗೆದು ನೋಡಿದರೆ ಆ ಕಾಲೇಜಿನ ಹೆಸರೇ ಇರಲಿಲ್ಲ. ನಾನು ಹೋಗಿ ಅವಳಿಗೆ ಅನ್ನ ಬಡಿಸಿದೆ.

ಸಿಇಟಿ ಬರೆದಿದ್ದಳಾದ್ದರಿಂದ ಸರ್ಕಾರದ ಕೌನ್ಸೆಲಿಂಗಿಗೆ ಕಾದೆವು. ಹಾಸನದ ಸರ್ಕಾರಿ ಕಾಲೇಜಿನಲ್ಲಿ ಸೀಟು ಸಿಕ್ಕಿತು. ಆಸ್ಪತ್ರೆ ಇದ್ದ ತಪ್ಪಿಗೋ ಏನೋ, ಅದು ತಮ್ಮ ಜಾಲತಾಣದಲ್ಲಿ ಕಾಣಿಸಲಿಲ್ಲ. ವಾರ್ಡಿಗೆ ಹೋಗತೊಡಗಿದ ಮೇಲೆ ಒಂದು ಸಂಜೆ ಮಗಳು ಫೋನು ಮಾಡಿ, "ಅಮ್ಮ, ಇವತ್ತು ಒಬ್ರು ಅಜ್ಜಿಗೆ ನಾನೇ ತಲೆ ಬಾಚ್ದೆ. ಅವ್ರು ನನ್ನ ಕೈ ಹಿಡ್ಕೊಂಡು ಬಿಡ್ಲೇ ಇಲ್ಲ" ಎಂದಳು. ಗಿರಾಕಿಗಳು ನಿಂತಿದ್ದರು; ನಾನು ಸೆರಗಿನಿಂದ ಮುಖ ಒರೆಸಿಕೊಂಡೆ.

ಕೊನೆಯದಾಗಿ ಒಂದು ವಿನಮ್ರ ಬೇಡಿಕೆ: ತಮಗೆ ಎಂದಾದರೂ ಕಾಯಿಲೆಯಾದರೆ, ದಯವಿಟ್ಟು ವಿಡಿಯೋ ನೋಡಿ ಕಲಿತವರ ಕೈಗೇ ತಮ್ಮ ತೋಳು ಒಪ್ಪಿಸಬೇಕು.

ತಮ್ಮ ಉಪಕಾರ ಮರೆಯಲಾರದ ವಿಶ್ವಾಸಿ,
ವಿನುತಾ, ಶ್ರೀರಾಂಪುರ

ತಾ.ಕ.: ತಮ್ಮವರು ಈಗ ನಮ್ಮ ಅತ್ತೆ ಪಿಳ್ಳಮ್ಮನವರಿಗೆ ಎಂ.ಬಿ.ಎ. ಸೀಟು ಕೊಡುತ್ತೇವೆಂದು ಫೋನು ಮಾಡುತ್ತಿದ್ದಾರೆ. ಅವರು ಒಪ್ಪಿದ್ದಾರೆ. ಆದರೆ ಧಾರಾವಾಹಿ ಹೊತ್ತಿನಲ್ಲಿ ಕ್ಲಾಸು ಇಡಬಾರದಂತೆ, ಮೇಷ್ಟರು ಸ್ವಲ್ಪ ಜೋರಾಗಿ ಮಾತಾಡಬೇಕಂತೆ.