ಸಿಂಹ ಕೇಳಿದ ಬೆಲೆ

ಹಳೇ ಗಾಡಿ ಕೊಳ್ಳುವವರು ಮೊದಲು ಟೈರಿಗೆ ಒದ್ದು ನೋಡಬೇಕು ಎಂದು ಯಾರೋ ಹೇಳಿದ್ದರು. ಹುಷಾರಪ್ಪ ಒದ್ದ. ಟೈರಿಗೆ ಏನೂ ಆಗಲಿಲ್ಲ, ಇವನ ಹೆಬ್ಬೆರಳು ಊದಿಕೊಂಡಿತು. ಗಾಡಿಯ ಪರೀಕ್ಷೆ ಅಲ್ಲಿಗೆ ಮುಗಿಯಿತು.

ಹುಷಾರಪ್ಪ ಎನ್ನುವುದು ಅಪ್ಪ ಅಮ್ಮ ಇಟ್ಟ ಹೆಸರಲ್ಲ. ಕನ್ನಡಕದಂಗಡಿ ಇಟ್ಟುಕೊಂಡಿದ್ದ ಈತ ಮಾತುಮಾತಿಗೂ 'ಹುಷಾರಪ್ಪಾ' ಅನ್ನುತ್ತಿದ್ದುದಕ್ಕೆ ಬೀದಿಯವರು ಹಚ್ಚಿದ ಹೆಸರು. ಇಷ್ಟು ಹುಷಾರಾಗಿದ್ದೂ ಆಸಾಮಿ ಮೋಸ ಹೋಗದ ವ್ಯಾಪಾರವಿಲ್ಲ. ಮನೆಯಲ್ಲಿ ತಣ್ಣಗಾಗದ ಫ್ರಿಜ್ಜಿತ್ತು, ಬಿಸಿಯಾಗದ ಇಸ್ತ್ರಿಪೆಟ್ಟಿಗೆಯಿತ್ತು. ಈಗ ಅತ್ತೆಗೆ ಮಂಡಿನೋವು. ಇದ್ದ ಚಿಕ್ಕ ಕಾರಿನೊಳಗೆ ಅವರು ಹೇಗೋ ಇಳಿದು ಕೂರುತ್ತಿದ್ದರು, ಎದ್ದು ಬರುವುದಕ್ಕೆ ಮಾತ್ರ ಅಕ್ಕಪಕ್ಕದವರನ್ನು ಕೂಗಬೇಕಾಗುತ್ತಿತ್ತು. ಅದಕ್ಕೇ ಹೆಂಡತಿ ಬಟ್ಟೆ ಹೊಲಿದು ಕೂಡಿಟ್ಟದ್ದನ್ನೆಲ್ಲ ಇವನ ಖಾತೆಗೆ ಹಾಕಿ, ಎತ್ತರದ ಎಸ್‌ಯುವಿ ಒಂದನ್ನು ನೋಡಿಕೊಂಡು ಬರಲು ಕಳಿಸಿದ್ದಳು.

"ನೋಡಿ, ಈ ಸಲವೂ ಟೋಪಿ ಹಾಕಿಸ್ಕೊಂಡು ಬಂದ್ರೆ ಮನೆ ವ್ಯವಹಾರ ಎಲ್ಲ ನನ್ನ ತಮ್ಮನ ಕೈಗೆ" ಎಂದೂ ಹೇಳಿದ್ದಳು.

ಆ ಭಾವಮೈದುನನ ಹೆಸರೆತ್ತಿದರೆ ಹುಷಾರಪ್ಪನಿಗೆ ಮೈ ಬಿಸಿಯಾಗುತ್ತಿತ್ತು. ಇನ್ನು ಒಂದು ಜೊತೆ ಚಪ್ಪಲಿಗೂ ಅವನೆದುರು ಕೈಚಾಚಿ ನಿಲ್ಲಬೇಕಾದೀತು.

"ಆರು ಲಕ್ಷ ಸಾರ್" ಎಂದ ಬ್ರೋಕರ್. "ಡಾಕ್ಟರೊಬ್ಬರು ಓಡಿಸಿದ್ದು. ಮಗು ಥರ ನೋಡ್ಕೊಂಡಿದ್ದಾರೆ."

ಆರು ಹೆಚ್ಚೋ ಕಡಿಮೆಯೋ ಹುಷಾರಪ್ಪನಿಗೆ ತಿಳಿಯದು. ಹೆಚ್ಚು ಅಂದರೆ ಬ್ರೋಕರ್ ಬೈದಾನು, ಸರಿ ಅಂದರೆ ಮೋಸ ಹೋದಂತೆ. "ಸಂಜೆ ಬರ್ತೀನಿ" ಎಂದು ಕುಂಟುತ್ತ ಅಂಗಡಿಗೆ ಬಂದುಬಿಟ್ಟ. ಹೆಂಡತಿಗೆ ಫೋನ್ ಮಾಡಿ, ಏಳು ಸೀಟಿನ ಕಂದು ಬಣ್ಣದ ಗಾಡಿ, ಇಂಥ ಮಾಡೆಲ್ಲು ಎಂದಷ್ಟೇ ಹೇಳಿದ. ಬೆಲೆ ಹೇಳಲು ಬಾಯಿ ಬರಲಿಲ್ಲ.

ಅಷ್ಟರಲ್ಲಿ ಪಕ್ಕದ ಮನೆಯ ವಿಮೆ ಏಜೆಂಟ್ ಅಂಗಡಿಗೆ ಬಂದ. ಕೇಳದೆಯೇ ಸಲಹೆ ಕೊಡುವುದು ಆತನ ಚಟ. "ನ್ಯಾಯವಾದ ಬೆಲೆ ತಿಳ್ಕೊಳ್ಳೋದು ಸುಲಭ ಸಾರ್. ಅದೇ ಥರದ ಗಾಡಿ ನೀವೇ ಮಾರ್ತಿರೋ ಹಾಗೆ ಆನ್‌ಲೈನ್‌ನಲ್ಲಿ ಹಾಕಿ. ಕೇಳಿದವರಿಗೆಲ್ಲ, ಬೇರೆಯವರು ಹೆಚ್ಚಿಗೆ ಕೇಳಿದ್ದಾರೆ ಅನ್ನಿ. ಅವರು ಎಲ್ಲಿ ನಿಲ್ತಾರೋ ಅದೇ ಬೆಲೆ."

"ಇಲ್ಲದ ಗಾಡಿ ಮಾರೋದು ತಪ್ಪಲ್ವಾ? ಪೊಲೀಸ್ನೋರು ಗೀಸ್ನೋರು…"

"ಮಾರೋರು ಯಾರು? ಸುಮ್ನೆ ಕೇಳ್ಕೊಳ್ಳೋದು" ಎಂದು ಏಜೆಂಟ್ ತಾನೇ ಫೋನ್ ಕಿತ್ತುಕೊಂಡು, ಎಲ್ಲಿಯದೋ ಫೋಟೋ ಹಾಕಿ, ಹೆಸರು, ನಂಬರು ಕಾಣದ ಹಾಗೆ ಮಾಡಿ, ಆರೂಮುಕ್ಕಾಲು ಲಕ್ಷ ಎಂದು ಬರೆದು, ಬೇರೆ ಯಾರಿಗೋ ಸಲಹೆ ಕೊಡಲು ಹೊರಟುಹೋದ.

ಮಧ್ಯಾಹ್ನ ಮೊದಲ ಸಂದೇಶ ಬಂತು. ಕಳಿಸಿದವರ ಹೆಸರೂ ಇಲ್ಲ, ನಂಬರೂ ಇಲ್ಲ, ಬಾಯ್ದೆರೆದ ಸಿಂಹದ ಚಿತ್ರವಿತ್ತು. 'ಐದೂವರೆ.'

'ಬೇರೆಯವರು ಹೆಚ್ಚಿಗೆ ಕೇಳಿದ್ದಾರೆ' ಎಂದು ಹುಷಾರಪ್ಪ ಒತ್ತಿದ.

'ಯಾರವರು? ಹೆಸರು ಹೇಳಿ.'

ಇಲ್ಲದವರ ಹೆಸರನ್ನು ಹುಷಾರಪ್ಪ ಎಲ್ಲಿಂದ ತರಬೇಕು? ಫೋನನ್ನು ಕನ್ನಡಕದ ಡಬ್ಬಿಗಳ ಕೆಳಗೆ ತಳ್ಳಿದ. ಸಿಂಹ ಬಿಡಲಿಲ್ಲ. 'ಆರು. ಗಾಡಿ ಎಲ್ಲಿದೆ? ವಿಳಾಸ ಕಳಿಸಿ, ಈಗಲೇ ಬರ್ತೀನಿ.'

ಹುಷಾರಪ್ಪ ಎದ್ದು ಅಂಗಡಿಯ ಷಟರನ್ನು ಅರ್ಧ ಎಳೆದ. ಬಗ್ಗಿ ಒಳಗೆ ಬಂದ ಮೇಷ್ಟರೊಬ್ಬರು ದೂರದ ಕನ್ನಡಕ ಕೇಳಿದರೆ ಓದುವ ಕನ್ನಡಕ ಕೊಟ್ಟ. ಅವರು ಹೊರಗೆ ಹೋಗಿ ಕಂಬಕ್ಕೆ ನಮಸ್ಕಾರ ಮಾಡಿದರು. ಇತ್ತ ಫೋನು ಮತ್ತೆ ಟಿಣ್ ಅಂದಿತು.

'ಆರೂವರೆ. ಇದೇ ಕೊನೆ. ಇನ್ನೂ ಆಟ ಆಡಿಸಿದ್ರೆ, ನನ್ನ ಬುದ್ಧಿ ನಿಮಗೆ ಗೊತ್ತಿಲ್ಲ.'

ಹೆದರಿಕೆಯ ನಡುವೆಯೂ ಹುಷಾರಪ್ಪನಿಗೆ ಹೋದ ಜೀವ ಬಂದಂತಾಯಿತು. ಸಿಂಹದಂಥ ಸಿಂಹವೇ ಆರೂವರೆ ಕೊಡುತ್ತದೆ ಅಂದಮೇಲೆ ಆರು ಲಕ್ಷ ಲಾಭವೇ. ಮೂಗಿನ ತನಕ ಮಫ್ಲರ್ ಸುತ್ತಿಕೊಂಡು, ಸಂದಿಗೊಂದಿ ಹಿಡಿದು ಬ್ರೋಕರ್ ಹತ್ತಿರ ಓಡಿದ.

"ಬೆಳಿಗ್ಗೆ ಬೆಲೆ ಬೆಳಿಗ್ಗೆಗೆ ಸಾರ್" ಎಂದು ಬ್ರೋಕರ್ ಫೋನ್ ತೋರಿಸಿದ. "ಇಲ್ಲಿ ನೋಡಿ. ಇದೇ ಗಾಡಿ, ಇದೇ ಬಣ್ಣ. ಯಾರೋ ಪುಣ್ಯಾತ್ಮ ಆರೂಮುಕ್ಕಾಲು ಹಾಕಿದ್ದಾನೆ. ನಾನು ಆರಕ್ಕೆ ಕೊಟ್ರೆ ನನ್ನಂಥ ಮುಠ್ಠಾಳ ಇನ್ನೊಬ್ಬ ಇರ್ತಾನಾ?"

ಆ ಪುಣ್ಯಾತ್ಮ ನಾನೇ ಎನ್ನುವ ಧೈರ್ಯ ಹುಷಾರಪ್ಪನಿಗಿರಲಿಲ್ಲ. ಅತ್ತೂ ಕರೆದೂ ಆರು ಲಕ್ಷ ನಲವತ್ತು ಸಾವಿರಕ್ಕೆ ಇಳಿಸಿ ದುಡ್ಡು ಕಳಿಸಿದ. ಸಿಂಹಕ್ಕಿಂತ ಹತ್ತು ಸಾವಿರ ಕಡಿಮೆಗೇ ಬಂತಲ್ಲ ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡು ಗಾಡಿ ಮನೆಗೆ ತಂದ.

ಅತ್ತೆ ಯಾರ ಕೈಯೂ ಹಿಡಿಯದೆ ಹತ್ತಿ ಕೂತರು. ಹೆಂಡತಿ ಸುತ್ತು ಹಾಕಿ ನೋಡಿ ಬೆಲೆ ಕೇಳಿದಳು. ಹುಷಾರಪ್ಪ ಹೇಳಿದ.

"ಪರವಾಗಿಲ್ವೇ. ಈ ಸಲ ಮೋಸ ಹೋಗ್ಲಿಲ್ಲ ನೀವು" ಎಂದಳು.

ಮದುವೆಯಾದಾಗಿನಿಂದ ಕೇಳದ ಮಾತು. ಹುಷಾರಪ್ಪನ ಕಣ್ಣು ಒದ್ದೆಯಾಯಿತು.

"ನಾನೂ ಆನ್‌ಲೈನ್‌ನಲ್ಲಿ ಇದೇ ಥರದ್ದೊಂದು ನೋಡಿಟ್ಟಿದ್ದೆ ಕಣ್ರೀ, ಮುಗಿಸ್ಕೊಂಡೇ ನಿಮಗೆ ಹೇಳೋಣ ಅಂತ. ಐದೂವರೆಗೆ ಬರಬೇಕಾದ ಗಾಡಿ. ಆ ಕಳ್ಳ ಮಾತೆತ್ತಿದ್ರೆ ಬೇರೆಯವರು ಕೇಳಿದ್ದಾರೆ ಅಂತಿದ್ದ. ಏಜೆಂಟಣ್ಣ ಬಂದು, ಬಿಡಬೇಡಿ ಅಕ್ಕ, ಗದರಿಸ್ತಾ ಮೇಲೆ ಹೋಗಿ, ಎಲ್ಲಿ ಒಪ್ತಾನೋ ಅದೇ ಬೆಲೆ ಅಂದ್ರು. ಆರೂವರೆ ತನಕ ಹೋಗ್ಬಿಟ್ಟೆ."

ಹುಷಾರಪ್ಪ ಗಾಡಿಯ ಬಾಗಿಲು ಹಿಡಿದುಕೊಂಡ.

"ಇರಿ, ಇನ್ನು ಬೇಡ ಅಂತ ಅವನಿಗೆ ಹೇಳಿಬಿಡ್ತೀನಿ" ಎಂದು ಹೆಂಡತಿ ಫೋನ್ ಒತ್ತಿದಳು.

ಹುಷಾರಪ್ಪನ ಜೇಬು ಟಿಣ್ ಅಂದಿತು.

"ಅಳಿಯಂದ್ರೇ, ನಿಮ್ಮ ಫೋನು" ಎಂದರು ಅತ್ತೆ ಮೇಲಿನಿಂದ.

"ಅಂಗಡಿಯದು ಅತ್ತೆ. ಆಮೇಲೆ ನೋಡ್ತೀನಿ."

"ನಾಲ್ಕು ಮಾತು ಬೈದೂ ಬಿಡ್ತೀನಿ" ಎಂದು ಹೆಂಡತಿ ಮತ್ತೆ ಒತ್ತಿದಳು. ಜೇಬು ಮತ್ತೆ ಟಿಣ್ ಅಂದಿತು. ಆಕೆ ತಲೆಯೆತ್ತಿದಳು. ಗಂಡನ ಜೇಬನ್ನೇ ನೋಡುತ್ತ, ಬರೀ ಚುಕ್ಕಿಯೊಂದನ್ನು ಕಳಿಸಿದಳು. ಟಿಣ್.

ಆಕೆ ನಂಬರೊಂದನ್ನು ಒತ್ತಿ ಫೋನನ್ನು ಕಿವಿಗಿಟ್ಟುಕೊಂಡಳು.

"ತಮ್ಮಾ, ಬಟ್ಟೆಬರೆ ಕಟ್ಕೊಂಡು ಇವತ್ತೇ ಬಂದ್ಬಿಡು. ಬಸ್ಸು ಗಿಸ್ಸು ಬೇಡ. ನಿನ್ನ ಭಾವನೇ ಗಾಡಿ ತರ್ತಾರೆ."