ಸೌಂಡ್ ಕಾರ್ಡಿನ ಬಾಯಿ ಬಿಡಿಸಿದ್ದು

ಯಾರಾದ್ರೂ ಹಾಡೋಕೆ ಬಾಯಿ ತೆರೆದ್ರೆ ಸಾಕು, ನಮ್ಮನೆ ಕಂಪ್ಯೂಟರಿಗೆ ಏನಾದ್ರೊಂದು ಕಾಯಿಲೆ ಬರ್ತಿತ್ತು. ಎರಡು ಸಾವಿರದ ಇಸವಿ ಕಳೆದ ಮೇಲಿನ ಮಾತಿದು. ನಾನು ತುಮಕೂರಿನ ಒಂದು ಪಾಲಿಟೆಕ್ನಿಕ್ ಲ್ಯಾಬಲ್ಲಿ ಕೆಲಸಕ್ಕಿದ್ದೆ. ಉಪ್ಪಾರಹಳ್ಳಿ ಮನೆಯ ಹಿಂದಿನ ರೂಮೇ ನನ್ನ ಸ್ಟುಡಿಯೋ. ಸದ್ದು ಒಳಗೆ ಬರದಿರ್ಲಿ ಅಂತ ಗೋಡೆಗೆಲ್ಲ ಹಾಸಿಗೆ ಬಡಿದಿದ್ದೆ. "ಗೋಡೆ ಹಾಸಿಗೇಲಿ ಮಲಗ್ತದೆ, ನಾವು ಚಾಪೇಲಿ ಮಲಗ್ತೀವಿ," ಅಂತ ನನ್ನ ಹೆಂಡ್ತಿ ಬಂದೋರಿಗೆಲ್ಲ ಹೇಳ್ತಿದ್ದಳು.

ಇಷ್ಟೆಲ್ಲ ಯಾಕಪ್ಪಾ ಅಂದ್ರೆ, ಕುಣಿಗಲ್‌ನಲ್ಲಿ ನಮ್ಮ ಸೋದರತ್ತೆ ಇದ್ದರು. ಮದುವೆಮನೆ ಸೋಬಾನೆ ಪದ ಅಂದ್ರೆ ಅವರೇ. ಜೊತೇಲಿ ಹಾಡ್ತಿದ್ದೋರು ಒಬ್ಬೊಬ್ಬರೇ ಹೋದರು. ಪೂರ್ತಿ ಪದ ಬರ್ತಿದ್ದುದು ಅತ್ತೆ ಒಬ್ಬರಿಗೇ, ಅವರಿಗೂ ದಮ್ಮು ಕಮ್ಮಿಯಾಗ್ತಾ ಬಂದಿತ್ತು. ಟೇಪ್ ರೆಕಾರ್ಡರಲ್ಲಿ ಹಿಡಿದ್ರೆ ಬರೀ ಕಿರಕಿರ. ಅತ್ತೆ ದನಿ ಇದ್ದ ಹಾಗೇ ಹಿಡೀಲೇಬೇಕು ಅಂತ ಹಟಕ್ಕೆ ಬಿದ್ದು, ಮೈಕಿನ ದನೀನ ಕಂಪ್ಯೂಟರೊಳಗೆ ಹಾಕೋ, ದೊಡ್ಡ ಸ್ಟುಡಿಯೋದೋರು ಬಳಸೋ ಸೌಂಡ್ ಕಾರ್ಡನ್ನೇ ಬೆಂಗಳೂರಿಂದ ಸೆಕೆಂಡ್ ಹ್ಯಾಂಡಲ್ಲಿ ತಂದೆ. ಇದ್ದ ವಿಂಡೋಸು ಪದದ ಮಧ್ಯೆ ಹ್ಯಾಂಗ್ ಆಗ್ತಿತ್ತು. ಅದನ್ನ ಕಿತ್ತು ಬಿಸಾಕಿ, ಪುಕ್ಕಟೆ ಸಿಗೋ ಲಿನಕ್ಸ್ ಹಾಕ್ದೆ. ಲಿನಕ್ಸೂ ಪುಕ್ಕಟೆ, ಅದರ ತಲೆನೋವೂ ಪುಕ್ಕಟೆ.

೧. ಮೊದಲ ಹಾಡು

ಅತ್ತೇನ ಕರೆಸೋಕ್ ಮುಂಚೆ ಬೇರೆ ಯಾರ ಮೇಲಾದ್ರೂ ಪ್ರಯೋಗ ಆಗಬೇಕಲ್ಲ? ಗುಬ್ಬಿಯಿಂದ ಹಾರ್ಮೋನಿಯಂ ಮೇಷ್ಟ್ರನ್ನ ಕರೆಸಿದೆ. ನಾಟಕ, ಭಜನೆ ಅಂತ ಊರೂರು ಸುತ್ತಿದ ಜೀವ. ಮೈಕಿನ ಮುಂದೆ ಕೂತು, ಕಣ್ಣು ಮುಚ್ಚಿ ತತ್ವಪದ ಹಾಡಿ, ಕಣ್ಣಲ್ಲಿ ನೀರು ತಂದ್ಕೊಂಡ್ರು. ದನಿ ಬಿದ್ರೆ ಕುಣೀಬೇಕಾದ ಕಂಪ್ಯೂಟರ್ ಪರದೆ ಮೇಲಿನ ಗೆರೆ ಮಾತ್ರ ಕದಲಲಿಲ್ಲ.

ಕಾರ್ಡನ್ನ ನಡೆಸೋ ಡ್ರೈವರ್ ಪ್ರೋಗ್ರಾಂ ಹಳೇದಿರಬೇಕು ಅಂತ ಬ್ರೌಸಿಂಗ್ ಸೆಂಟರಿಗೆ ಓಡಿ ಹೊಸದು ತಂದೆ. ಊಹೂಂ. ಲಿನಕ್ಸನ್ನೇ ಅಳಿಸಿ ಮತ್ತೆ ಹಾಕ್ದೆ. ಊಹೂಂ. ಮೇಷ್ಟ್ರು ಪ್ರತಿ ಸಲ ಹಾಡಿದ್ರು, ಪ್ರತಿ ಸಲ ಅತ್ತರು. ಕಡೆಗೆ ಗೊತ್ತಾಯ್ತು: ಲಿನಕ್ಸಲ್ಲಿ ಹೊಸ ಕಾರ್ಡು ಹಾಕಿದ್ರೆ ಎಲ್ಲಾ ಮೊದಲು ಮ್ಯೂಟಲ್ಲೇ ಇರ್ತದಂತೆ! ಒಂದು ಕೀ ಒತ್ತಿದೆ, ಗೆರೆ ಕುಣೀತು.

ಮೇಷ್ಟ್ರು ಕಣ್ಣೊರೆಸ್ಕೊಂಡು, "ಹಾಡಿ ಅಂತ ಕೂರಿಸಿ ತಾನು ಕಿವಿ ಮುಚ್ಕೊಳ್ಳೋದು ನಮ್ಮ ಮನೆಯವಳು ಒಬ್ಬಳೇ ಅನ್ಕೊಂಡಿದ್ದೆ ಕಣಪ್ಪ," ಅಂದ್ರು.

೨. ಗುಂಯ್

ದನಿ ಬಂತು, ಅದರ ಬೆನ್ನಿಗೇ ಗುಂಯ್ ಅನ್ನೋ ಸದ್ದೂ ಬಂತು. ಮನೆ ಕರೆಂಟಿನ ಅರ್ಥಿಂಗ್ ಸರಿಯಿರ್ಲಿಲ್ಲ. ಬಿಡ್ತೀನಾ? ಹಿತ್ತಲಲ್ಲಿ ಗುಂಡಿ ತೋಡಿ, ಇದ್ದಿಲು, ಉಪ್ಪು ಸುರಿದು, ತಾಮ್ರದ ತಂತಿ ಇಳಿಸಿ ನೀರು ಹೊಯ್ದೆ.

"ಉಪ್ಪಿನಕಾಯಿಗೆ ಅಂತ ಇಟ್ಟಿದ್ದ ಉಪ್ಪನ್ನೆಲ್ಲ ಭೂಮ್ತಾಯಿಗೆ ಉಣ್ಣಿಸಿದ್ರಾ?" ಅಂತ ಹೆಂಡ್ತಿ ಉರಿದುಬಿದ್ದಳು.

ಉಪ್ಪು ಹೋದ್ರೆ ಹೋಯ್ತು, ಗುಂಯ್ ನಿಂತೇಹೋಯ್ತು! ಕುಣೀತಾ ಒಳಗೆ ಬಂದೆ. ಮೇಷ್ಟ್ರು ಮುಖ ಗಂಟು ಹಾಕ್ಕೊಂಡು ಕೂತಿದ್ರು.

"ಶ್ರುತಿ ಯಾಕಪ್ಪ ನಿಲ್ಲಿಸ್ದೆ? ಬೆಳಗ್ಗಿಂದ ಅದಕ್ಕೇ ದನಿ ಸೇರಿಸಿದ್ದೆ. ನನ್ನ ಶ್ರುತಿಪೆಟ್ಟಿಗೆಗಿಂತ ಚೆನ್ನಾಗಿತ್ತು. ಹಾಕು, ಹಾಕು!"

೩. ಒಳಗಿನ ಹಾಡುಗಾರ

ಇನ್ನೊಂದು ರೋಗ ಉಳಿದಿತ್ತು. ಹಾಡಿದ್ದು ಕಂಪ್ಯೂಟರೊಳಗೆ ಸುತ್ತಾಡ್ಕೊಂಡು ಹೆಡ್‌ಫೋನಿಗೆ ತಡವಾಗಿ ಬರ್ತಿತ್ತು. ಮೇಷ್ಟ್ರ ಕಿವಿಗೆ ಹೆಡ್‌ಫೋನ್ ಸಿಕ್ಕಿಸಿದೆ. ಒಂದು ಸಾಲು ಹಾಡಿ ನಿಂತ್ರು. ಇನ್ನೊಂದು ಸಾಲು ಹಾಡಿ ಮತ್ತೆ ನಿಂತ್ರು.

"ಯಾಕೆ ಮೇಷ್ಟ್ರೇ, ದಮ್ಮು ಹತ್ತಿತಾ?"

"ನನಗ್ಯಾಕಪ್ಪ ಹತ್ತತ್ತೆ? ಭಜನೇಲಿ ಮುಂದಿನೋನು ಹೇಳಿದ್ದನ್ನ ಹಿಂದಿನೋರು ಹೇಳಿ ಮುಗಿಸಿದ ಮೇಲಲ್ವಾ ಮುಂದಿನ ಸಾಲು? ಒಳಗಿರೋನು ಮುಗಿಸ್ಲಿ ಅಂತ ಕಾಯ್ತಿದೀನಿ."

ಲಿನಕ್ಸಿನ ಸೆಟ್ಟಿಂಗನ್ನೆಲ್ಲ ತಿರುವಿ ತಿರುವಿ, ರಜಾದಿನಗಳನ್ನೆಲ್ಲ ಅದಕ್ಕೇ ಸುರಿದು, ಕೊನೆಗೂ ಹಾಡಿದ ತಕ್ಷಣ ಕೇಳಿಸೋ ಹಾಗೆ ಮಾಡಿದೆ. ಮೇಷ್ಟ್ರನ್ನ ಮತ್ತೆ ಕರೆಸಿದೆ. ಕೇಳಿ ನೊಂದ್ಕೊಂಡ್ರು.

"ಅವನನ್ನ ಕಳಿಸಿಬಿಟ್ಯಾ? ಪಾಪ, ಶ್ರದ್ಧೆ ಇತ್ತು. ಗಂಟಲು ಮಾತ್ರ ಸ್ವಲ್ಪ ಸರಿಯಿರ್ಲಿಲ್ಲ."

೪. ಹಸೆ

ಅಂತೂ ಅತ್ತೇನ ಕುಣಿಗಲ್ ಬಸ್ಸಿಂದ ಇಳಿಸ್ಕೊಂಡು ಬಂದೆ. ಕಾಫಿ ಆಯ್ತು, ಎಲೆ ಅಡಿಕೆ ಆಯ್ತು. ಮೈಕ್ ಮುಂದಿಟ್ಟು, "ಹಾಡಿ ಅತ್ತೆ," ಅಂದೆ.

"ಯಾರಿಗ್ಲಾ?"

"ಇದಕ್ಕೇ, ಕಂಪ್ಯೂಟರಿಗೆ."

"ಥೂ ನಿನ್ನ! ಹಸೆ ಮೇಲೆ ಗಂಡು ಹೆಣ್ಣು ಕೂರದೆ ಸೋಬಾನೆ ಹೇಳ್ತಾರೇನ್ಲಾ? ಬುಡು, ನಾನ್ ಊರಿಗೋಯ್ತೀನಿ."

ಅತ್ತೆ ಚೀಲ ಎತ್ಕೊಂಡೇಬಿಟ್ರು. ಇಷ್ಟು ದೂರ ಬಂದು ಸೋಲೋದಾ? ಹೆಂಡ್ತಿ ಕೈಕಾಲು ಹಿಡಿದೆ. ಅವಳು ರೇಷ್ಮೆ ಸೀರೆ ಉಟ್ಟು, ಮೂತಿ ಉಬ್ಬಿಸ್ಕೊಂಡು ಬಂದಳು. ಮದುವೆಯಾಗಿ ಅಷ್ಟು ವರ್ಷದ ಮೇಲೆ ಇಬ್ಬರೂ ಮತ್ತೆ ಹಸೆ ಮೇಲೆ ಕೂತ್ವಿ. ಕೆನ್ನೆಗೆ ಅರಿಶಿನ, ತಲೆ ಮೇಲೆ ಅಕ್ಷತೆ, ನನ್ನ ತೊಡೆ ಮೇಲೆ ಕೀಬೋರ್ಡು.

"ದೊಡ್ಡ ಪದ ಹೇಳ್ತೀನಿ. ಒಂದೇ ಸಲ ಕಣ್ಲಾ. ಇನ್ನೊಂದ್ಸಲ ಹೇಳೋಕೆ ನನ್ನಲ್ಲಿ ಉಸಿರಿಲ್ಲ," ಅಂದ್ರು ಅತ್ತೆ.

ಹಾಡಿದ್ರು. ಗೆರೆ ಕುಣೀತು. ಗುಂಯ್ ಇಲ್ಲ, ಹ್ಯಾಂಗ್ ಇಲ್ಲ. ಸಣ್ಣೋನಿದ್ದಾಗ ಚಪ್ಪರದ ಕೆಳಗೆ ಕೇಳಿದ್ದ ದನಿ ಹಾಗ್ಹಾಗೇ ಒಳಗೆ ಹೋಗ್ತಿತ್ತು. ನನಗೆ ಕಣ್ಣು ತುಂಬಿಬಂತು. ಗೆದ್ದೆ ಅನ್ಕೊಂಡೆ.

ಕೊನೇ ಸಾಲಿನ ಹತ್ರ ಬಂದು ಅತ್ತೆ ರಾಗದಲ್ಲೇ, "ಹೆಣ್ಣೇ, ಗಂಡನ ಹೆಸರೇಳಿ ಏಳೇ," ಅಂದ್ರು. ಪದ ಕಟ್ಟಿ ಗಂಡನ ಹೆಸರು ಹೇಳದೆ ಹಸೆಯಿಂದ ಏಳೋ ಹಾಗಿಲ್ಲ, ಅದು ನಮ್ಮಲ್ಲಿ ಪದ್ಧತಿ. ಇವಳು ನಾಚಿ ತಲೆ ತಗ್ಗಿಸ್ತಾಳೆ ಅನ್ಕೊಂಡಿದ್ದೆ. ಮೈಕಿನ ಹತ್ರಕ್ಕೆ ಬಾಗಿ, ಕಂಪ್ಯೂಟರ್ ಕಡೆ ಕೈ ಮಾಡಿ, ಅದೇ ರಾಗದಲ್ಲಿ ಎತ್ತಿದಳು:

"ಉಣ್ಣೋದು ಅದರ ಮುಂದೆ, ಮಲಗೋದು ಅದರ ಪಕ್ಕ,
ನನ್ ಗಂಡನ ಹೆಸರು ನನಗ್ಯಾಕೆ, ಆ ಡಬ್ಬಾನೇ ಕೇಳ್ರಕ್ಕ!"

ಅತ್ತೆ ಹೊಟ್ಟೆ ಹಿಡ್ಕೊಂಡು ನಗ್ತಾ, ಅವಳ ಮಾತು ಮುಗಿಯೋಕ್ ಮುಂಚೆನೇ ಕೊನೇ ಸಾಲು ಎತ್ಕೊಂಡ್ರು. ಎರಡು ದನಿ ಹೆಣೆದುಹೋದ್ವು. ಅವಳನ್ನ ಕತ್ತರಿಸಿದ್ರೆ ಅತ್ತೇನೂ ಕತ್ತರಿಸಬೇಕು. ಇನ್ನೊಂದ್ಸಲ ಹಾಡಿ ಅನ್ನೋ ಹಾಗೂ ಇಲ್ಲ. ಹಾಗೇ ಬಿಟ್ಟು, ಸಿ.ಡಿ.ಗೆ ಇಳಿಸಿ ಅತ್ತೆಗೆ ಕೊಟ್ಟೆ.

ಆ ಸಿ.ಡಿ. ಕೈಯಿಂದ ಕೈಗೆ ಹೋಗಿ ಕುಣಿಗಲ್ ಕಡೆ ಮದುವೆಮನೆಗಳಲ್ಲೆಲ್ಲ ಓಡಾಡ್ತು. ಒಂದು ಸಲ ಮದುವೆಗೆ ಹೋದಾಗ ಅದನ್ನೇ ಹಾಕಿದ್ರು. ಅತ್ತೆ ಪದ ಎಷ್ಟು ಚೆನ್ನಾಗಿ ಕೇಳಿಸ್ತು ಅಂದ್ರೆ, ಇದನ್ನ ಹಿಡಿದೋನು ನಾನೇ ಅಂತ ಪಕ್ಕದಲ್ಲಿದ್ದ ಹೆಂಗಸರಿಗೆ ಎದೆಯುಬ್ಬಿಸಿ ಹೇಳ್ದೆ.

ಅವರಲ್ಲೊಬ್ಬರು ಅಡುಗೆಮನೆ ಕಡೆ ತಿರುಗಿ ಕೂಗಿದ್ರು: "ಬನ್ರೇ, ಬನ್ರೇ! ಡಬ್ಬದ ಗಂಡ ಬಂದವ್ನೆ!"