ಅಟೆಂಡರ್ ಹುದ್ದೆ ಖಾಲಿ ಇದೆ

ಮಾರ್ಕು ಕೊಡುವ ಕೆಲಸದಲ್ಲಿರುವವರು ಬದುಕಿನಲ್ಲಿ ಒಮ್ಮೆಯಾದರೂ ಮಾರ್ಕು ತೆಗೆದುಕೊಳ್ಳುವವರ ಕಡೆ ಕೂತು ನೋಡಬೇಕು. ನಾನು ಕೂರಲಿಲ್ಲ, ಮಲಗಿದೆ. ತಮಿಳುನಾಡಿಗೆ ಸೇರಿದ ತಾಳವಾಡಿ ಸೀಮೆಯ ಒಂದು ಕನ್ನಡ ಶಾಲೆಯಲ್ಲಿ ನಾನು ಲೆಕ್ಕದ ಟೀಚರು. ಮೂವತ್ತನಾಲ್ಕೂವರೆ ತೆಗೆದ ಹುಡುಗನನ್ನು ಮೂವತ್ತೈದರ ದಡ ಮುಟ್ಟಿಸದವಳು ಎಂದು ನನಗೆ ಹೆಸರಿದೆ. ಗ್ರೇಸ್ ಮಾರ್ಕು ಕೇಳಲು ಬಂದ ತಂದೆತಾಯಿಗಳಿಗೆ ಕಾಫಿ ಕೊಟ್ಟಿದ್ದೇನೆ, ಮಾರ್ಕು ಕೊಟ್ಟಿಲ್ಲ. ಮದುವೆ ಯಾಕಾಗಲಿಲ್ಲ ಎಂದು ಯಾರಾದರೂ ಕೇಳಿದರೆ ಲೆಕ್ಕ ಕೂಡಿಬರಲಿಲ್ಲ ಎನ್ನುತ್ತೇನೆ. ದೊಡ್ಡಗಾಜನೂರಿನ ನನ್ನ ಬಾಡಿಗೆ ಮನೆಯಲ್ಲಿ ನಾನಲ್ಲದೆ ಸದ್ದು ಮಾಡುವುದು ಕುಕ್ಕರ್ ಒಂದೇ. ಅದೂ ಮೂರು ಸಲ ಕೂಗಿ ಸುಮ್ಮನಾಗುತ್ತದೆ. ಆಮೇಲೆ ಉಳಿಯುವ ನಿಶ್ಶಬ್ದ ಏನೆಂದು ಒಂಟಿಯಾಗಿ ಉಂಡವರಿಗೆ ನಾನು ಹೇಳಬೇಕಾಗಿಲ್ಲ.

ಹೀಗಾಗಿ ಪಕ್ಕದ ಮನೆಯ ಸಿದ್ದಮ್ಮನ ಕೋಳಿಯ ಮೇಲೆ ನನಗಿದ್ದ ಸಿಟ್ಟಿನಲ್ಲಿ ಸ್ವಲ್ಪ ಪ್ರೀತಿಯೂ ಬೆರೆತಿತ್ತೇನೋ. ಸಿದ್ದಮ್ಮ ಕೂಲಿಗೆ ಹೋಗುವವಳು. ಬೀಟ್‌ರೂಟ್ ಕೀಳುವ ಕಾಲದಲ್ಲಿ ಬೀಟ್‌ರೂಟು, ಇಲ್ಲದಿದ್ದರೆ ಆಲೂಗಡ್ಡೆ. ಅವಳು ಹೊಲಕ್ಕೆ ಹೋದೊಡನೆ ಅವಳ ಕೆಂಪು ಕೋಳಿ ನನ್ನ ಹಿತ್ತಲಿನ ಅವರೆ ಪಾತಿಗೆ ಬರುತ್ತಿತ್ತು. ನಾನು ಬಯ್ಯುತ್ತಿದ್ದೆ. ಸಂಜೆ ಸಿದ್ದಮ್ಮ ಬಂದರೆ ಅವಳಿಗೂ ಒಂದು ಕಂತು. ಅವಳು ಬೇಲಿಯ ಆಚೆಯಿಂದ, "ಅದುಕ್ಕೇನು ಓದು ಬರಾದ್ದಾ ಟೀಚರಮ್ಮ, ನಿಮ್ಮ ಒಲ, ನಮ್ಮ ಒಲ ಅಂತ ಬೋರ್ಡು ನೋಡ್ಕಂಡು ಮೇಯಕೆ" ಎನ್ನುತ್ತಿದ್ದಳು. ಒಂದು ದಿನ ಕೋಳಿಯನ್ನು ಬರಿಗಾಲಲ್ಲಿ ಅಟ್ಟಿಸಿಕೊಂಡು ಹೋಗಿ ಜಾಲಿಮುಳ್ಳು ತುಳಿದೆ. ಮುಳ್ಳು ಕಿತ್ತು ಅರಿಶಿನ ಮೆತ್ತಿದೆ. ಕೋಳಿಯಿಂದ ಗಾಯವಾಯಿತೆಂದು ಯಾರಿಗಾದರೂ ಹೇಳಲು ನಾಚಿಕೆ. ಕಾಲು ಊದಿದಾಗ ಸೀರೆಯ ನೆರಿಗೆ ಇಳಿಬಿಟ್ಟೆ. ಚಳಿಜ್ವರ ಬಂದಾಗ ಬಾಗಿಲು ಹಾಕಿಕೊಂಡು ಮಲಗಿದೆ.

ನಾನು ಉಳಿದದ್ದು ಬಯ್ಗುಳದಿಂದ. ಕೋಳಿ ಹಿತ್ತಲಿಗೆ ಬಂದಿತ್ತು, ಪಾತಿ ಕೆದಕಿತ್ತು, ಆದರೆ ನನ್ನ ಬಾಯಿಂದ ಒಂದು ಮಾತಿಲ್ಲ. ಆವತ್ತು ಕೆಲಸವಿಲ್ಲದೆ ಮನೆಯಲ್ಲಿದ್ದ ಸಿದ್ದಮ್ಮನಿಗೆ ಅದು ಸರಿಬೀಳಲಿಲ್ಲ. "ಕೋಳಿ ಬಂದ್ರೂ ಟೀಚರಮ್ಮ ಬಯ್ತಿಲ್ವಲ್ಲ, ಏನೋ ಎಚ್ಚುಕಮ್ಮಿ ಆಗದೆ ಅಂದ್ಕಂಡು ಬಾಗ್ಲು ತಳ್ದೆ" ಎಂದು ಆಮೇಲೆ ಹೇಳಿದಳು. ಅವಳು ನನ್ನನ್ನು ಎಬ್ಬಿಸಿ, ಎಲೆಕೋಸು ಹೊತ್ತು ಹೊರಟಿದ್ದ ಟೆಂಪೋ ನಿಲ್ಲಿಸಿ, ಮೂಟೆಗಳ ನಡುವೆ ನನ್ನನ್ನೂ ಮಲಗಿಸಿ, ತಾನೂ ಹತ್ತಿದಳು. ಹಾಸನೂರಿನ ಹತ್ತಿರ ಆನೆ ರಸ್ತೆ ಬಿಡುವವರೆಗೂ ಕಾದೆವಂತೆ. ಘಟ್ಟದ ತಿರುವುಗಳಲ್ಲಿ ನಾನು ಎಲೆಕೋಸುಗಳಿಗೆ ಒಂಬತ್ತರ ಮಗ್ಗಿ ಹೇಳಿಕೊಟ್ಟೆನಂತೆ. ಎಲೆಕೋಸುಗಳು ಗಲಾಟೆ ಮಾಡದೆ ಕೇಳಿದವು ಎಂದು ಟೆಂಪೋದವನು ಊರೆಲ್ಲ ಹೇಳಿದ್ದಾನೆ.

ಘಟ್ಟದ ಕೆಳಗಿನ ಆಸ್ಪತ್ರೆಯಲ್ಲಿ ನರ್ಸು ಮೊದಲು ಕೇಳಿದ್ದು, "ಅಟೆಂಡರ್ ಯಾರುಮ್ಮಾ?" ಎಂದು. ಅಲ್ಲಿ ಅಟೆಂಡರ್ ಎಂದರೆ ರೋಗಿಯ ಜೊತೆಗಿರುವ ಮನೆಯವರು. ನಮ್ಮ ಶಾಲೆಯ ಕನ್ನಡದಲ್ಲಿ ಅಟೆಂಡರ್ ಎಂದರೆ ಗಂಟೆ ಹೊಡೆಯುವ ನೌಕರ. ಜ್ವರದ ಮಂಪರಿನಲ್ಲೂ ನಾನು ಬಹಳ ಗಂಭೀರವಾಗಿ, "ಆ ಹುದ್ದೆ ಖಾಲಿ ಇದೆ. ಇದ್ದವರು ನಿವೃತ್ತರಾದ ಮೇಲೆ ಯಾರನ್ನೂ ಹಾಕಿಲ್ಲ. ನಾನೇ ನೋಡಿಕೊಳ್ಳುತ್ತೇನೆ" ಎಂದೆ. ಉತ್ತರ ತಪ್ಪು, ಆದರೆ ಯೋಚಿಸಿದರೆ ಅದಕ್ಕಿಂತ ಸರಿಯಾದ ಉತ್ತರ ನನ್ನ ಬಳಿ ಇರಲೂ ಇಲ್ಲ. ನರ್ಸು ಪಿಳಿಪಿಳಿ ನೋಡಿದಳು. ನನ್ನನ್ನು ಸೇರಿಸಿ ಅದೇ ಟೆಂಪೋದಲ್ಲಿ ವಾಪಸು ಹೋಗಬೇಕೆಂದಿದ್ದ ಸಿದ್ದಮ್ಮ ಬಾಗಿಲಲ್ಲೇ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, "ನಾನೇಯ ಅಟೆಂಡ್ರು, ಬರ್ಕಳಿ" ಎಂದಳು. ಟೆಂಪೋ ಅವಳನ್ನು ಬಿಟ್ಟು ಹೋಯಿತು.

ರಕ್ತಕ್ಕೆ ನಂಜೇರಿದೆ, ಸೆಪ್ಸಿಸ್, ಇನ್ನೂ ತಡವಾಗಿದ್ದರೆ ಕಷ್ಟವಿತ್ತು, ಈಗಲೂ ಏನೂ ಹೇಳಲಾಗದು ಎಂದರು ಡಾಕ್ಟರು. ಅವರು ನನ್ನ ಶಿಷ್ಯನಾಗಿರಬಹುದಾದಷ್ಟು ಚಿಕ್ಕವರು. ಮೈಯೊಳಗೆ ಉರಿಯೂತ ಹೆಚ್ಚಿದಾಗ ರಕ್ತದಲ್ಲಿ ಏರುವ ಒಂದು ವಸ್ತುವಿದೆ, ಅದರ ಹೆಸರು ಸಿ.ಆರ್.ಪಿ. ಗಡಿಯಾಚೆ ಚಾಮರಾಜನಗರದ ಟೀಚರುಗಳಿಗೆ ಸಿ.ಆರ್.ಪಿ. ಎಂದರೆ ಶಾಲೆಗೆ ತಪಾಸಣೆಗೆ ಬರುವವರು. ಅವರು ಬಂದರೂ ರಕ್ತ ಕುದಿಯುತ್ತದೆ, ಅದಿರಲಿ. ಡಾಕ್ಟರು ಬೆಳಗಿನ ಸುತ್ತಿನಲ್ಲಿ ತಮಿಳಿನಲ್ಲಿ, ಈ ಮಾರ್ಕರ್ ಇನ್ನೂರ ಹನ್ನೆರಡಕ್ಕೆ ಏರಿದೆ ಎಂದರು. ಸಿದ್ದಮ್ಮ ಮಾರ್ಕರ್‌ನ ಬಾಲ ಕತ್ತರಿಸಿ ಮಾರ್ಕು ಮಾಡಿಕೊಂಡಳು. ಕೆಳಗಿಳಿದು ಕಾಯಿನ್ ಫೋನಿನಿಂದ ನಮ್ಮ ಬೀದಿಯ ಅಂಗಡಿಗೆ ಸುದ್ದಿ ಮುಟ್ಟಿಸಿದಳು: "ಟೀಚರಮ್ಮ ಇನ್ನೂರ ಅನ್ನೆಲ್ಡು ಮಾರ್ಕು ತಗ್ದವ್ರೆ ಕಣಪ್ಪ. ಡಾಕ್ಟ್ರೇ ಬೆರಗಾಗವ್ರೆ." ಬೀದಿ ಸಂತೋಷಪಟ್ಟಿತು. ನೂರಕ್ಕೆ ಇನ್ನೂರ ಹನ್ನೆರಡು ಹೇಗೆ ಬರುತ್ತದೆ ಎಂದು ನನ್ನ ಶಿಷ್ಯರಲ್ಲಿ ಒಬ್ಬನೂ ಕೇಳಲಿಲ್ಲ. ನನ್ನ ಪಾಠದ ಫಲಿತಾಂಶ ನನಗೆ ಆಗಲೇ ತಿಳಿಯಿತು.

ಔಷಧಿ ಹಿಡಿಯಿತು, ಮಾರ್ಕು ಇಳಿಯತೊಡಗಿತು. ನನಗೆ ಜೀವ ಬಂದಂತಾಯಿತು, ಸಿದ್ದಮ್ಮನ ಮುಖ ಸಣ್ಣದಾಯಿತು. "ನೆನ್ನೆಗಂಟ ಚೆಂದಾಗಿತ್ತಲ್ಲವ್ವ, ಎಲ್ಲಿ ತಪ್ಪೋಯ್ತು?" ಎಂದು ನನ್ನನ್ನೇ ಕೇಳಿದಳು. ನಾನು ಮಲಗಿರುವುದೇ ಕಾರಣವೆಂದು ಅವಳ ತೀರ್ಮಾನ. ಹಗಲು ಕಣ್ಣು ಮುಚ್ಚಿದರೆ ತಟ್ಟಿ ಎಬ್ಬಿಸುವಳು. ಕಡಿಮೆಯಾದಷ್ಟೂ ಒಳ್ಳೆಯದು ಎಂದು ನಾನು ವಿವರಿಸಿದರೆ, ಫೇಲಾದವರು ಹೇಳುವ ಸಮಾಧಾನದ ಮಾತನ್ನು ಕೇಳುವಂತೆ ತಲೆಯಾಡಿಸುವಳು. ಅವಳಿಗೆ ನಂಬಿಕೆ ಬಂದದ್ದು ಪಕ್ಕದ ಹಾಸಿಗೆಯ ಅಜ್ಜಿಯಿಂದ. ಆ ಅಜ್ಜಿಗೂ ನನ್ನದೇ ಕಾಯಿಲೆ. ಅಟೆಂಡರುಗಳು ಮಾತ್ರ ಹಿಂಡುಹಿಂಡು. ಮಕ್ಕಳು, ಸೊಸೆಯರು, ತಂಗಿಯರು, ಕೂರಲು ಜಾಗವಿಲ್ಲದೆ ನನ್ನ ಮಂಚದ ತುದಿಯಲ್ಲೂ ಕೂರುತ್ತಿದ್ದರು. ನನಗದು ಇಷ್ಟವಾಗುತ್ತಿತ್ತು. ಕಣ್ಣು ಅರೆ ಮುಚ್ಚಿದರೆ ಅವರೆಲ್ಲ ನನ್ನನ್ನೇ ನೋಡಲು ಬಂದಂತೆ ಕಾಣುತ್ತಿತ್ತು. ಅಜ್ಜಿಯ ಮಾರ್ಕು ನನ್ನದಕ್ಕಿಂತ ಬೇಗ ಇಳಿಯಿತು. ಅವರ ಮನೆಯವರು ವಾರ್ಡಿಗೆಲ್ಲ ಮೈಸೂರುಪಾಕು ಹಂಚಿದರು. ಸಿದ್ದಮ್ಮ ಎರಡು ತುಂಡು ತಿಂದು, "ಓ, ಇದು ತಲೆಕೆಳಗಿನ ಪರೀಕ್ಸೆ" ಎಂದು ಒಪ್ಪಿಕೊಂಡಳು.

ಮಾರನೆಯ ಬೆಳಗ್ಗೆ ಅಜ್ಜಿ ತೀರಿಕೊಂಡರು. ಹಾಸಿಗೆಯ ಮೇಲೆ ಹೊಸ ಬಟ್ಟೆ ಹಾಸಿದ್ದರು, ಅಷ್ಟೂ ಜನ ಕಾಣೆಯಾಗಿದ್ದರು. ನಾನು ಡಾಕ್ಟರನ್ನು ಕೇಳಿದೆ. ಅವರು, ಆ ಸಂಖ್ಯೆ ನಾವು ನೋಡುವ ಹಲವು ವಿಷಯಗಳಲ್ಲಿ ಒಂದು ಅಷ್ಟೇ, ಅಜ್ಜಿಯ ವಯಸ್ಸು, ಅವರು ತಡವಾಗಿ ಬಂದದ್ದು, ಆಗಲೇ ಸೋತಿದ್ದ ಮೂತ್ರಪಿಂಡ ಎಲ್ಲ ಸೇರುತ್ತದೆ, ಮಾರ್ಕರ್ ಇಳಿದವರೆಲ್ಲ ಉಳಿಯುತ್ತಾರೆಂದಲ್ಲ ಎಂದರು. ಸಿದ್ದಮ್ಮ ನನ್ನನ್ನು ಕೇಳಿದಳು, "ಅಜ್ಜಿ ಪಾಸಾಗಿತ್ತಲ್ವ ಟೀಚರಮ್ಮ?" ಸಂಖ್ಯೆ ಸುಳ್ಳು ಹೇಳುವುದಿಲ್ಲ ಎಂದು ಇಡೀ ಜೀವಮಾನ ಬೋರ್ಡಿನ ಮುಂದೆ ನಿಂತು ಹೇಳಿದವಳು ನಾನು. ನನಗೆ ಭಯವಾಯಿತು. ಸಾಯುವ ಭಯಕ್ಕಿಂತ, ಸತ್ತರೆ ಈ ಹಾಸಿಗೆಯ ಸುತ್ತಲಿಂದ ಎದ್ದು ಹೋಗಲೂ ಜನ ಇಲ್ಲವಲ್ಲ ಎಂಬ ಭಯ. ಆವತ್ತು ಸಿದ್ದಮ್ಮ ನನ್ನ ಮಾರ್ಕು ಕೇಳಲಿಲ್ಲ. ಊದಿದ ಕಾಲನ್ನು ತೊಡೆಯ ಮೇಲಿಟ್ಟುಕೊಂಡು ಸಂಜೆಯವರೆಗೂ ಕೂತಿದ್ದಳು.

ನಾನು ಉಳಿದೆ. ಊರಿಗೆ ಬಂದೆವು. ಸಿದ್ದಮ್ಮ ಮರುದಿನವೇ ಬೀಟ್‌ರೂಟಿಗೆ ಹೋದಳು. ನನ್ನ ಮನೆಯಲ್ಲಿ ಕುಕ್ಕರ್ ಮೂರು ಸಲ ಕೂಗಿ ಸುಮ್ಮನಾಯಿತು. ಆಸ್ಪತ್ರೆಯಲ್ಲಿ ಅವಳ ಗೊರಕೆಗೆ ನಿದ್ದೆ ಬರುವುದಿಲ್ಲವೆಂದು ನರ್ಸಿಗೆ ದೂರು ಕೊಟ್ಟಿದ್ದವಳು ನಾನೇ. ಈಗ ಗೊರಕೆಯಿಲ್ಲದೆ ನಿದ್ದೆ ಬರುತ್ತಿರಲಿಲ್ಲ. ಡಾಕ್ಟರು ಹೇಳಿದ್ದಂತೆ ಕೆಲವು ದಿನ ಬಿಟ್ಟು ತಾಳವಾಡಿಯಲ್ಲಿ ರಕ್ತ ಕೊಟ್ಟೆ. ನಾಲ್ಕು ಬಂತು. ನಾಲ್ಕೆಂದರೆ ಈ ಪರೀಕ್ಷೆಯಲ್ಲಿ ಫಸ್ಟ್ ಕ್ಲಾಸು. ಮನೆಗೆ ಬರುವಾಗ ಸಿದ್ದಮ್ಮ ಬೇಲಿಯ ಹತ್ತಿರ ಪಾತ್ರೆ ಉಜ್ಜುತ್ತಿದ್ದಳು.

"ಎಷ್ಟು ಬಂತವ್ವ?"

"ನಲವತ್ತು" ಎಂದೆ. ಬಾಯಿ ತಪ್ಪಲಿಲ್ಲ. ನಾಲ್ಕರ ಪಕ್ಕಕ್ಕೆ ನಾನೇ ಒಂದು ಸೊನ್ನೆ ಇಟ್ಟೆ.

ಅವಳು ಪಾತ್ರೆ ಬಿಟ್ಟು, ಕೈ ಒರೆಸಿಕೊಂಡು ಬಂದು ನನ್ನ ಹಣೆ ಮುಟ್ಟಿದಳು. ಕತ್ತು ಮುಟ್ಟಿದಳು. "ಮೈ ತಣ್ಣಗದಲ್ಲ ಟೀಚರಮ್ಮ."

"ಒಳಗಡೆ ಇರುತ್ತಂತೆ" ಎಂದೆ.

ನನ್ನ ಮುಖವನ್ನು ಸ್ವಲ್ಪ ಹೊತ್ತು ನೋಡಿದಳು. ಉತ್ತರಪತ್ರಿಕೆಯಲ್ಲಿ ಪಕ್ಕದವನದ್ದು ಕಾಪಿ ಹೊಡೆದವನನ್ನು ನಾನು ಹಾಗೆಯೇ ನೋಡುತ್ತೇನೆ. "ಇರ್ಬೋದು ಬುಡಿ" ಎಂದಳು. ದೀಪ ಹಚ್ಚುವ ಹೊತ್ತಿಗೆ ಚಾಪೆ ಸುತ್ತಿಕೊಂಡು ಬಂದು ನನ್ನ ಪಡಸಾಲೆಯಲ್ಲಿ ಹಾಸಿದಳು. ಹಿಂದೆಯೇ ಕೋಳಿಯೂ ಬಂತು. ನಾನು ಯಾರಿಗೂ ಕೊಡದ ಗ್ರೇಸ್ ಮಾರ್ಕು ನನಗೆ ಸಿಕ್ಕಿದ್ದು ಹೀಗೆ.

ಅಟೆಂಡರ್ ಹುದ್ದೆ ಇನ್ನೂ ಖಾಯಂ ಆಗಿಲ್ಲ, ತಾತ್ಕಾಲಿಕವಾಗಿಯೇ ನಡೆಯುತ್ತಿದೆ. ಅದಕ್ಕೇ ನನಗೆ ಆಗಾಗ ಸ್ವಲ್ಪ ಜ್ವರ ಬಂದಂತಾಗುತ್ತದೆ.